ಬಡಾವಣೆ ಬಾಗಿಲಲ್ಲೇ ಹೆದ್ದಾರಿ: ಶಿವಮೊಗ್ಗದ ರಸ್ತೆ ಅಪಘಾತಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಶಿವಮೊಗ್ಗದ ಸಾಗರ ರಸ್ತೆ ಕಡೆಯ ಒಂದು ಬಡಾವಣೆಯಲ್ಲಿದೆ. ಒಂದು ಕಾಲಕ್ಕೆ ಅಲ್ಲಿ ಗದ್ದೆ ಇತ್ತು. ಈಗ ಮನೆ, ಕಲ್ಯಾಣ ಮಂಟಪ, ಬೇಕರಿ ಎಲ್ಲಾ ಇವೆ. ಕ್ರಾಸ್ ಹತ್ತಿರ ಒಂದು ಆಕ್ಸಿಡೆಂಟ್ ಆದರೆ ಸಾಕು, ಮಾರನೇ ದಿನ ಟೀ ಅಂಗಡಿಯಲ್ಲಿ ಅವೇ ಪ್ರಶ್ನೆಗಳು ಶುರುವಾಗುತ್ತವೆ. ಹೇಳಿದ್ದನ್ನೇ ಹೇಳಿ ಸಾಕಾಗಿ ಇದನ್ನು ಬರೆದಿಟ್ಟಿದ್ದೇನೆ. ನಾನು ಪೊಲೀಸೂ ಅಲ್ಲ, ಎಂಜಿನಿಯರೂ ಅಲ್ಲ. ಒಮ್ಮೆ ಬೈಕಿನಿಂದ ಬಿದ್ದವನು, ಆಮೇಲೆ ಈ ವಿಷಯದ ಬಗ್ಗೆ ಓದುವ ಚಟ ಹತ್ತಿಸಿಕೊಂಡವನು, ಅಷ್ಟೇ.

ಅಪಘಾತ ನಿಜವಾಗಿ ಜಾಸ್ತಿ ಆಗಿದೆಯಾ? ಅಥವಾ ವಾಟ್ಸಾಪ್‌ನಲ್ಲಿ ವಿಡಿಯೊ ನೋಡಿ ನೋಡಿ ಹಾಗೆ ಅನಿಸುತ್ತಾ?

ವಿಡಿಯೊಗಳು ಭಯ ಹೆಚ್ಚಿಸಿವೆ, ನಿಜ. ಆದರೆ ಲೆಕ್ಕ ಅದಕ್ಕಿಂತ ವಿಚಿತ್ರವಾಗಿದೆ. 2012ರಲ್ಲಿ ದೇಶದಲ್ಲಿ ದಾಖಲಾದ ಅಪಘಾತಗಳು 4,90,383. ಸತ್ತವರು 1,38,258. 2022ರಲ್ಲಿ ಅಪಘಾತ 4,61,312ಕ್ಕೆ ಇಳಿಯಿತು. ಸತ್ತವರು ಮಾತ್ರ 1,68,491 ಆದರು. ಅಂದರೆ ಅಪಘಾತ ಕಡಿಮೆ, ಸಾವು ಜಾಸ್ತಿ. ಹತ್ತು ವರ್ಷದ ಹಿಂದೆ ನೂರು ಅಪಘಾತಕ್ಕೆ 28 ಜನ ಸಾಯುತ್ತಿದ್ದರೆ, 2022ರಲ್ಲಿ 36 ದಾಟಿದೆ.

ಸಣ್ಣಪುಟ್ಟ ಗುದ್ದಾಟಗಳು ಠಾಣೆಯ ತನಕ ಹೋಗುವುದೇ ಇಲ್ಲ, ಹಾಗಾಗಿ ಈ ಲೆಕ್ಕದಲ್ಲಿ ಸ್ವಲ್ಪ ಎಡವಟ್ಟಿದೆ. ಸಾವನ್ನು ಮುಚ್ಚಿಡುವುದು ಅಷ್ಟು ಸುಲಭ ಅಲ್ಲ. ಅದಕ್ಕೇ ನಾನು ನಂಬುವುದು ಸಾವಿನ ಸಂಖ್ಯೆಯನ್ನು. ರಸ್ತೆ ನುಣುಪಾಯಿತು, ಗಾಡಿಗೆ ಪಿಕಪ್ ಬಂತು, ಮೊದಲು ಕಾಲು ಮುರಿಯುತ್ತಿದ್ದ ಜಾಗದಲ್ಲಿ ಈಗ ಜೀವ ಹೋಗುತ್ತಿದೆ. 2022ರ ಸಾವುಗಳಲ್ಲಿ ಶೇ. 71ರಷ್ಟಕ್ಕೆ ಅತಿವೇಗವೇ ಕಾರಣ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ.

ನಮ್ಮೂರಿನ ಅಂಕಿ ಪೇಪರಿನಲ್ಲಿ ಬರುತ್ತೆ. ಹೋದ ವರ್ಷಕ್ಕಿಂತ ಕಡಿಮೆ ಅಂದ್ರೆ ಖುಷಿಪಡಬಹುದಾ?

ಒಂದೇ ವರ್ಷದ ಅಂಕಿ ನೋಡಿ ಬೇಡ. ದೊಡ್ಡ ಲೆಕ್ಕದಲ್ಲಿ ಏರಿಳಿತಕ್ಕೆ ಅರ್ಥ ಇರುತ್ತದೆ. ಒಂದು ಠಾಣೆಯ ವ್ಯಾಪ್ತಿಯಲ್ಲಿ ಸುಮ್ನೆ ಅದೃಷ್ಟದಿಂದಲೂ ಮೂರು ನಾಲ್ಕು ಸಾವು ಹೆಚ್ಚು ಕಡಿಮೆ ಆಗುತ್ತದೆ. ಅದನ್ನೇ ಹಿಡಿದು ‘ಕ್ರಮ ಫಲ ಕೊಟ್ಟಿದೆ’ ಅಂತ ಒಬ್ಬರು, ‘ವ್ಯವಸ್ಥೆ ಹಾಳಾಗಿದೆ’ ಅಂತ ಇನ್ನೊಬ್ಬರು. ಮೂರು ವರ್ಷ ಕೂಡಿಸಿ ನೋಡಿ. ಅದಕ್ಕಿಂತ ಮುಖ್ಯ, ಎಷ್ಟು ಅಂತ ಕೇಳುವ ಮೊದಲು ಎಲ್ಲಿ ಅಂತ ಕೇಳಿ.

‘ಬ್ಲ್ಯಾಕ್ ಸ್ಪಾಟ್’, ಅಂದರೆ ಪದೇ ಪದೇ ಅಪಘಾತ ಆಗುವ ಜಾಗ, ಅನ್ನುವುದಕ್ಕೂ ಒಂದು ಅಳತೆ ಇದೆ. ಸುಮಾರು 500 ಮೀಟರ್ ರಸ್ತೆಯಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯ ಆದ ಐದು ಅಪಘಾತ ನಡೆದಿರಬೇಕು, ಇಲ್ಲವೇ ಹತ್ತು ಜನ ಸತ್ತಿರಬೇಕು. ಆಗ ಆ ಜಾಗ ಪಟ್ಟಿಗೆ ಸೇರುತ್ತದೆ. ಅಂದರೆ ಪಟ್ಟಿ ತಯಾರಾಗುವುದು ಹೆಣ ಎಣಿಸಿದ ಮೇಲೆ. ದಿನಾ ಆ ಕ್ರಾಸ್ ದಾಟುವವರಿಗೆ ಅದು ಮೊದಲೇ ಗೊತ್ತಿರುತ್ತದೆ.

ಅದೇ ಕ್ರಾಸ್‌ನಲ್ಲೇ ಯಾಕೆ ಪದೇ ಪದೇ ಆಗುತ್ತೆ? ಜಾಗ ಸರಿ ಇಲ್ಲ, ಶಾಂತಿ ಮಾಡಿಸಬೇಕು ಅಂತಾರೆ...

ಶಾಂತಿ ಮಾಡಿಸಿ, ತೊಂದರೆ ಇಲ್ಲ. ಜೊತೆಗೆ ಅಲ್ಲೊಂದು ಲೈಟ್ ಕಂಬವನ್ನೂ ಹಾಕಿಸಿ.

ನಮ್ಮೂರಿನ ಬಿ.ಎಚ್. ರಸ್ತೆಯ ಹೆಸರು ಬಿಡಿಸಿದರೆ ಬೆಂಗಳೂರು–ಹೊನ್ನಾವರ ರಸ್ತೆ. ಅದು ಊರಿನ ಬೀದಿ ಆಗುವ ಮೊದಲೇ ಊರೂರು ದಾಟುವ ದಾರಿ. ಹಿಂದೆ ರಾಷ್ಟ್ರೀಯ ಹೆದ್ದಾರಿ 206 ಅನ್ನುತ್ತಿದ್ದೆವು, ಈಗ ಶಿವಮೊಗ್ಗದಿಂದ ಸಾಗರ, ಹೊನ್ನಾವರದ ಕಡೆಗೆ 69. ಭದ್ರಾವತಿ ಕಡೆಯಿಂದ ಬಂದು ಊರು ಸೀಳಿ ಆಯನೂರು, ಆನಂದಪುರದತ್ತ ಹೋಗುತ್ತದೆ. ತೀರ್ಥಹಳ್ಳಿ ಕಡೆಯದು 169. ಊರು ಬೆಳೆದದ್ದು ಈ ದಾರಿಗಳ ಗುಂಟ. ಆಲ್ಕೊಳ, ಗಾಡಿಕೊಪ್ಪ, ಸವಳಂಗ ರಸ್ತೆ, ನಿದಿಗೆ, ಎಲ್ಲಿ ನೋಡಿದರೂ ಸೈಟು. ಪ್ರತಿ ಬಡಾವಣೆಗೂ ಒಂದು ಕಮಾನು. ಆ ಕಮಾನಿನಿಂದ ಹೊರಬಿದ್ದರೆ ನೇರ ದೊಡ್ಡ ರಸ್ತೆಗೇ.

ಈಗ ಇಬ್ಬರನ್ನು ಯೋಚಿಸಿ. ಒಬ್ಬರು ಬೆಳಗ್ಗೆ ಬೆಂಗಳೂರು ಬಿಟ್ಟವರು, ಜೋಗದ ಕಡೆ ಹೊರಟಿದ್ದಾರೆ. ಅವರ ಲೆಕ್ಕದಲ್ಲಿ ಅದು ಹೈವೇ. ಇನ್ನೊಬ್ಬರು ಪಕ್ಕದ ಮನೆಯ ಆಂಟಿ, ಸ್ಕೂಟಿಯಲ್ಲಿ ಕೊತ್ತಂಬರಿ ಸೊಪ್ಪು ತರಲು ಹೊರಟವರು. ಅವರ ಲೆಕ್ಕದಲ್ಲಿ ಅದು ಮನೆ ಮುಂದಿನ ರಸ್ತೆ. ಇಬ್ಬರೂ ತಮ್ಮ ಲೆಕ್ಕದಲ್ಲಿ ಸರಿಯಾಗೇ ಓಡಿಸುತ್ತಿದ್ದಾರೆ. ಊರು ಹೆದ್ದಾರಿಯ ಮೇಲೆ ಬಂದು ಕೂತಿದೆ, ಹೆದ್ದಾರಿಗೆ ಇನ್ನೂ ಯಾರೂ ಹೇಳಿಲ್ಲ. ನಮ್ಮ ಊರಂಚಿನ ಅಪಘಾತಗಳಲ್ಲಿ ಮುಕ್ಕಾಲು ಕಥೆ ಇದೇ ಅಂತ ನನ್ನ ನಂಬಿಕೆ.

ಒಂದು ಭಾನುವಾರ ಸಂಜೆ ನಾವು ಮೂವರು ಟೀ ಅಂಗಡಿ ಬೆಂಚಿನ ಮೇಲೆ ಕೂತು ನಮ್ಮ ಕ್ರಾಸಿನಲ್ಲಿ ರಾಂಗ್ ಸೈಡ್ ಬರುವವರಿಗೆ ಗೀಟು ಹಾಕಿದೆವು. ಯೂ ಟರ್ನ್ ಇರುವುದು ಮುಂದೆ ದೂರದಲ್ಲಿ. ಹಾಗಾಗಿ ಎದುರಿನ ಬೇಕರಿಗೆ ಹೋಗುವವರು ಡಿವೈಡರ್ ಪಕ್ಕ ಉಲ್ಟಾ ಬರುತ್ತಾರೆ. ಹಾಲಿನ ಕ್ಯಾನ್ ನೇತುಹಾಕಿದ ಬೈಕು, ಗ್ಯಾಸ್ ಸಿಲಿಂಡರಿನ ಆಟೋ, ಮಗುವನ್ನು ಮುಂದೆ ನಿಲ್ಲಿಸಿಕೊಂಡ ಅಪ್ಪ. ಅರ್ಧ ಗಂಟೆಗೆ ಹಾಳೆ ತುಂಬಿತು. ಕೊನೆಯ ಗೀಟು ಬಿದ್ದದ್ದು ನಮ್ಮಲ್ಲೇ ಒಬ್ಬರ ಮಗನಿಗೆ. ಅವನು ‘ಅಪ್ಪಾ, ಇಲ್ಲೇನ್ ಮಾಡ್ತಿದೀರಾ?’ ಅಂತ ಕೈ ಬೀಸಿ ಹೋದ. ಅಲ್ಲಿಗೆ ಎಣಿಕೆ ಮುಗಿಯಿತು.

ಆ ಹುಡುಗನಿಗೆ ಬೈಯಬಹುದು. ಆದರೆ ಎದುರಿಗೆ ಕಾಣುವ ಬೇಕರಿಗೆ ಅಷ್ಟು ದೂರ ಸುತ್ತಿ ಬಾ ಅಂದರೆ ನೂರರಲ್ಲಿ ಎಷ್ಟು ಜನ ಸುತ್ತುತ್ತಾರೆ? ಡಿವೈಡರಿನಲ್ಲಿ ದಾರಿ ಎಲ್ಲಿ ಬಿಡಬೇಕು ಅನ್ನುವುದನ್ನು ಆ ರಸ್ತೆ ದಾಟುವವರನ್ನು ಕೇಳಿ ತೀರ್ಮಾನಿಸಿದ್ದರೆ ಇಷ್ಟು ಆಗುತ್ತಿರಲಿಲ್ಲ.

60ರಲ್ಲಿ ಹೋದ್ರೆ ಅದೇನು ಮಹಾ ಸ್ಪೀಡಾ?

ಖಾಲಿ ರಸ್ತೆಯಲ್ಲಿ ಅಲ್ಲ. ಕಮಾನುಗಳ ಸಾಲಿನಲ್ಲಿ ಹೌದು.

ಕಣ್ಣಿಗೆ ಕಂಡದ್ದು ತಲೆಗೆ ಹೋಗಿ, ಕಾಲು ಬ್ರೇಕಿಗೆ ಬರಲು ಸುಮಾರು ಒಂದೂವರೆ ಸೆಕೆಂಡ್ ಬೇಕು. 60ರ ವೇಗದಲ್ಲಿ ಅಷ್ಟು ಹೊತ್ತಿಗೆ ಗಾಡಿ 25 ಮೀಟರ್ ಓಡಿರುತ್ತದೆ. ಅಂದರೆ ಎರಡು ಸಾರಿಗೆ ಬಸ್ಸಿನ ಉದ್ದ, ಬ್ರೇಕ್ ಇನ್ನೂ ಮುಟ್ಟಿಲ್ಲ. ಒಣ ರಸ್ತೆ, ಒಳ್ಳೆ ಟೈರ್ ಇದ್ದರೆ ಮುಂದಿನ 20 ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು 45.

ಅದೇ ಜಾಗದಲ್ಲಿ 80ರಲ್ಲಿ ಬಂದವನ ಕಥೆ ನೋಡಿ. ಯೋಚಿಸುವಷ್ಟರಲ್ಲೇ 33 ಮೀಟರ್ ಹೋಯಿತು. ಬ್ರೇಕ್ ಹಾಕಲು ಉಳಿದದ್ದು 12 ಮೀಟರ್. 60ರವನು ನಿಂತ ಜಾಗಕ್ಕೆ ಇವನು ಬರುವಾಗ ಮುಳ್ಳು ಇನ್ನೂ 65ರ ಹತ್ತಿರ ಇರುತ್ತದೆ. ಒಬ್ಬ ಹಾರ್ನ್ ಹೊಡೆದು ಬೈದು ಹೋಗುತ್ತಾನೆ, ಇನ್ನೊಬ್ಬ 65ರಲ್ಲಿ ಗುದ್ದುತ್ತಾನೆ. ಹೊರಡುವಾಗ ಇವರ ನಡುವೆ ಇದ್ದ ಅಂತರ ಬರೀ 20.

ಉಳಿತಾಯ ಎಷ್ಟು ಅಂತಲೂ ನೋಡೋಣ. ಮನೆಗಳಿರುವ 2 ಕಿಲೋಮೀಟರನ್ನು 60ರ ಬದಲು 40ರಲ್ಲಿ ದಾಟಿದರೆ ನಷ್ಟ ಆಗುವುದು ಒಂದು ನಿಮಿಷ. ಸರಾಸರಿ ವೇಗ ಶೇ. 1 ಏರಿದರೆ ಸಾವಿನ ಅಪಘಾತದ ಅಪಾಯ ಶೇ. 4 ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಬಡ್ಡಿ ಲೆಕ್ಕ ಅಡಿಕೆ ಮಂಡಿಯವರಿಗೆ ನನಗಿಂತ ಬೇಗ ಅರ್ಥ ಆದೀತು.

ಹಂಪ್ಸ್ ಹಾಕಿಸಿಬಿಟ್ರೆ ಆಯ್ತಲ್ಲ?

ಸರಿಯಾದ ಜಾಗದಲ್ಲಿ, ಸರಿಯಾದ ಅಳತೆಯಲ್ಲಿ ಹಾಕಿದರೆ ಒಳ್ಳೆಯದೇ. ರಸ್ತೆ ಕೆಲಸದ ಮಾನದಂಡ ಗೊತ್ತುಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಕೊಟ್ಟಿದೆ: ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಗಾಡಿ ಮೆಲ್ಲಗೆ ಏರಿ ಇಳಿಯಬೇಕು. ನಮ್ಮಲ್ಲಿ ಹಾಕುವುದು ರಾತ್ರೋರಾತ್ರಿ, ಯಾರದೋ ಮನೆ ಕಟ್ಟಿ ಉಳಿದ ಕಾಂಕ್ರೀಟಿನಲ್ಲಿ. ಬಿಳಿ ಪಟ್ಟೆ ಇಲ್ಲ, ಬೋರ್ಡ್ ಇಲ್ಲ. ಮೂರನೇ ದಿನ ಅದೇ ಹಂಪಿಗೆ ಹಿಂದೆ ಕೂತಿದ್ದ ಅಜ್ಜಿ ಹಾರಿ ಬೀಳುತ್ತಾರೆ.

ದೊಡ್ಡ ರಸ್ತೆಗಿಂತ ಬಡಾವಣೆಯಿಂದ ಹೊರಬರುವ ಅಡ್ಡರಸ್ತೆಗೆ ಹಂಪ್ ಹಾಕುವುದು ಜಾಣತನ. ಹೊರಗೆ ನುಗ್ಗುವವರು ಅಲ್ಲಿ ಒಂದು ಕ್ಷಣ ತಡೆಯುತ್ತಾರೆ, ಬಲಕ್ಕೆ ನೋಡುತ್ತಾರೆ. ಇನ್ನೊಂದು ಮಾತು. ಮೂಲೆ ಸೈಟಿನ ಕಾಂಪೌಂಡಿನಿಂದ ಹೊರಚಾಚಿದ ದಾಸವಾಳ, ಬೋಗನ್‌ವಿಲ್ಲಾ ಕತ್ತರಿಸಿ. ನಮ್ಮಲ್ಲಿ ಒಬ್ಬರ ಗಿಡ ಸವರಿಸಲು ಎರಡು ತಿಂಗಳು ಹಿಡಿಯಿತು. ಸವರಿದ ದಿನವೇ ದೊಡ್ಡ ರಸ್ತೆ ಕಾಣಿಸಿತು.

ಇಲ್ಲೇ ಹಾಲು ತರೋಕೆ ಹೋಗ್ತೀನಿ. ಅದಕ್ಕೂ ಹೆಲ್ಮೆಟ್ ಬೇಕಾ?

ನಾನು ಬಿದ್ದದ್ದು ‘ಇಲ್ಲೇ’. ಆಷಾಢದ ಸಂಜೆ, ಮನೆಗೆ ಇನ್ನೇನು ಎರಡು ತಿರುವು. ರಸ್ತೆಬದಿ ಮರದ ಕೆಳಗೆ ದರಗು ಬಿದ್ದು ನೆನೆದು ಪೇಸ್ಟ್ ಆಗಿತ್ತು. ನಾಯಿ ಅಡ್ಡ ಬಂತು ಅಂತ ಮುಂದಿನ ಬ್ರೇಕ್ ಹಿಡಿದೆ. ಆಮೇಲೆ ನೆನಪಿರುವುದು ಕಿವಿಯ ಪಕ್ಕ ಕರಕರ ಸದ್ದು. ಹೆಲ್ಮೆಟ್ಟಿನ ಬಲಗಡೆ ಟಾರಿಗೆ ತೇದ ಸದ್ದು ಅದು. ವೇಗ 30 ದಾಟಿರಲಿಲ್ಲ. ಆ ಹೆಲ್ಮೆಟ್ಟನ್ನು ಈಗಲೂ ಚಪ್ಪಲಿ ಸ್ಟಾಂಡಿನ ಮೇಲೆ ಇಟ್ಟಿದ್ದೇನೆ. ಗೀರು ಸರಿಯಾಗಿ ಕೆನ್ನೆಮೂಳೆಯ ಎತ್ತರದಲ್ಲಿದೆ. ಅರ್ಧ ಹೆಲ್ಮೆಟ್ ಆಗಿದ್ದರೆ ಆ ಗೀರು ಎಲ್ಲಿ ಬೀಳುತ್ತಿತ್ತು ಅಂತ ನೀವೇ ಊಹಿಸಿ.

2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅದರಲ್ಲಿ 14,337 ಜನ ಹಿಂದೆ ಕೂತವರು. ಆ ಸಂಖ್ಯೆ ಓದುವಾಗ ನನಗೆ ನಮ್ಮ ಹೆಂಗಸರು, ಮಕ್ಕಳೇ ಕಣ್ಣ ಮುಂದೆ ಬರುತ್ತಾರೆ. ಗಂಡನ ತಲೆ ಮೇಲೆ ಹೆಲ್ಮೆಟ್, ಹಿಂದೆ ಹೆಂಡತಿಯ ತಲೆ ಮೇಲೆ ಮಲ್ಲಿಗೆ.

ಕಾನೂನು ಹೇಳುವುದು ಹೀಗೆ: ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೂ ಅಳತೆಯ ಹೆಲ್ಮೆಟ್ ಬೇಕು, ಜೊತೆಗೆ ಓಡಿಸುವವರ ಮೈಗೆ ಕಟ್ಟುವ ಬೆಲ್ಟ್. ಮಗು ಇದ್ದರೆ ವೇಗ 40 ಮೀರುವಂತಿಲ್ಲ. ಕರ್ನಾಟಕದಲ್ಲಿ ಹೆಲ್ಮೆಟ್ ಇಲ್ಲದ್ದಕ್ಕೆ ದಂಡ 500 ರೂಪಾಯಿ. ಐಎಸ್‌ಐ ಗುರುತಿನ ಮೇಲೆ ಐಎಸ್ 4151 ಅಂತ ಇದೆಯಾ ನೋಡಿ, ಅದು ಹೆಲ್ಮೆಟ್ಟಿನ ಗುಣಮಟ್ಟದ ಸಂಖ್ಯೆ. ಬೆಲ್ಟಿನ ಕ್ಲಿಪ್ ಹಾಕದಿದ್ದರೆ ಹೆಲ್ಮೆಟ್ ನಿಮಗಿಂತ ಮೊದಲು ನೆಲಕ್ಕೆ ಹೋಗುತ್ತದೆ.

ಸೀರೆ, ವೇಲ್ ವಿಷಯ. ಹಿಂದಿನ ಚಕ್ರದ ಅರ್ಧ ಭಾಗವಾದರೂ ಮುಚ್ಚುವ ಸೀರೆ ಗಾರ್ಡ್ ಇರಬೇಕು ಅಂತ ನಿಯಮವೇ ಇದೆ. ಹುಡುಗರು ಬೈಕಿನ ಅಂದ ಕೆಡುತ್ತದೆ ಅಂತ ಅದನ್ನೇ ಮೊದಲು ಬಿಚ್ಚಿಸುತ್ತಾರೆ. ಆಮೇಲೆ ಅಮ್ಮನನ್ನು ಅದೇ ಬೈಕಿನಲ್ಲಿ ಮದುವೆಮನೆಗೆ ಕರೆದುಕೊಂಡು ಹೋಗುತ್ತಾರೆ.

ಮಳೆಗಾಲದಲ್ಲಿ ಏನು ಬೇರೆ ಮಾಡಬೇಕು?

ಮೊದಲ ಮಳೆ ಮೋಸಗಾರ. ಬೇಸಿಗೆಯಿಡೀ ರಸ್ತೆಗೆ ಸುರಿದ ಆಯಿಲ್, ಧೂಳು ಒಂದು ಸಣ್ಣ ಮಳೆಗೆ ಸಾಬೂನಿನ ಹಾಗಾಗುತ್ತದೆ. ಜೋರು ಮಳೆ ಹೊಡೆದು ತೊಳೆದ ಮೇಲೆ ಸ್ವಲ್ಪ ವಾಸಿ. ಒದ್ದೆ ರಸ್ತೆಯಲ್ಲಿ 60ರಿಂದ ನಿಲ್ಲಲು 45 ಮೀಟರ್ ಸಾಲದು, 60 ಬೇಕು. ಟೈರಿನ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಆಗಿದ್ದರೆ ಆ ಲೆಕ್ಕವೂ ಹಿಡಿಯುವುದಿಲ್ಲ.

ಮಲೆನಾಡಿನ ರಸ್ತೆಗೆ ಇನ್ನೂ ಕೆಲವು ಗುಣ ಇವೆ, ಬಯಲುಸೀಮೆಯವರಿಗೆ ಗೊತ್ತಿಲ್ಲದವು. ಬಿಸಿಲೇ ಬೀಳದ ತಿರುವಿನಲ್ಲಿ ಟಾರಿನ ಅಂಚಿಗೆ ಪಾಚಿ ಕಟ್ಟುತ್ತದೆ. ಮಂಡಗದ್ದೆ ಕಡೆ ಹೋಗುವಾಗ ಎದುರಿನ ಲಾರಿಗೆ ಸೈಡ್ ಕೊಡಲು ಪೂರ್ತಿ ಎಡಕ್ಕೆ ಇಳಿದು ಜಾರಿದವರು ಬೇಕಾದಷ್ಟು ಜನ. ಪೂರ್ತಿ ಇಳಿಯುವ ಬದಲು ಮೊದಲೇ ನಿಧಾನ ಮಾಡಿ. ನೀರು ನಿಂತ ಗುಂಡಿ ಎಷ್ಟು ಆಳ ಅಂತ ಊಹಿಸಬೇಡಿ, ಮುಂದಿನ ಗಾಡಿ ಹೇಗೆ ಕುಪ್ಪಳಿಸಿತು ನೋಡಿ. ಕೊಡೆ ಹಿಡಿದು ಹಿಂದೆ ಕೂರುವುದು ಬೇಡವೇ ಬೇಡ. ಗಾಳಿಗೆ ಕೊಡೆ ತಿರುಗಿದರೆ ಓಡಿಸುವವನ ಕಣ್ಣಿಗೇ ಪರದೆ.

ಇಷ್ಟು ಹೇಳಿದ ಮೇಲೆ ಒಂದು ಉಲ್ಟಾ ಮಾತು. ದೇಶದ ಲೆಕ್ಕದಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಅಪಘಾತ ನಡೆಯುವುದು ತಿಳಿ ಹವೆಯಲ್ಲಿ. ಮಳೆಯಲ್ಲಿ ನಾವು ಹೆದರಿ ಓಡಿಸುತ್ತೇವೆ. ಬಿಸಿಲಲ್ಲಿ ಮರೆಯುತ್ತೇವೆ.

ರಾತ್ರಿ ದನ ಮಲಗಿರುತ್ತವೆ, ಟ್ರ್ಯಾಕ್ಟರ್ ಕಾಣಲ್ಲ. ಏನು ಮಾಡೋದು?

ದನ ರಸ್ತೆಗೆ ಬರುವುದಕ್ಕೂ ಕಾರಣ ಇದೆ. ಟಾರು ಬೆಚ್ಚಗಿರುತ್ತದೆ, ಒಣಗಿರುತ್ತದೆ, ಸೊಳ್ಳೆ ನೊಣ ಕಡಿಮೆ. ಕಪ್ಪು ಎಮ್ಮೆ ಕಪ್ಪು ರಸ್ತೆಯಲ್ಲಿ ಕಾಣುವುದು ಅದರ ಕಣ್ಣು ಹೊಳೆದಾಗಲೇ. ನಿಮ್ಮ ದೀಪ ಎಷ್ಟು ದೂರ ತೋರಿಸುತ್ತದೋ ಅಷ್ಟರೊಳಗೆ ನಿಲ್ಲುವ ವೇಗ ಇರಲಿ. ಎದುರಿನವರು ಹೈ ಬೀಮ್ ಬಿಟ್ಟರೆ ನೀವು ಡಿಮ್ ಮಾಡಿ, ಕಣ್ಣನ್ನು ಎಡಗಡೆಯ ಬಿಳಿ ಗೆರೆಗೆ ತನ್ನಿ. ಸೇಡಿಗೆ ನೀವೂ ಹೈ ಬೀಮ್ ಹಾಕಿದರೆ ರಸ್ತೆಯಲ್ಲಿ ಇಬ್ಬರು ಕುರುಡರಾದರು, ಅಷ್ಟೇ.

ಸುಗ್ಗಿಯಲ್ಲಿ ಶಿಕಾರಿಪುರ, ಸೊರಬದ ಕಡೆ ರಸ್ತೆ ಮೇಲೇ ಒಕ್ಕಲು ಮಾಡಲು ಹುಲ್ಲು ಹರಡುತ್ತಾರೆ. ಅದರ ಮೇಲೆ ಬೈಕ್ ಹತ್ತಿಸಿ ಬ್ರೇಕ್ ಹಿಡಿದರೆ ಜಾರಿದಿರಿ ಅಂತಲೇ ಲೆಕ್ಕ. ಕಾರಿನ ಅಡಿಗೆ ಸುತ್ತಿಕೊಂಡ ಹುಲ್ಲು ಸೈಲೆನ್ಸರ್ ಶಾಖಕ್ಕೆ ಹೊತ್ತಿಕೊಳ್ಳುವುದೂ ಉಂಟು. ರೈತರನ್ನು ಬೈದು ಪ್ರಯೋಜನ ಇಲ್ಲ, ಕಣ ಮಾಡಲು ಈಗ ಜಾಗ ಎಲ್ಲಿದೆ? ಆದರೆ ಟ್ರೇಲರಿನ ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಲು ಜಾಗ ಬೇಕಿಲ್ಲ. ನಮ್ಮ ಕಡೆ ಕೊನೆ ಕೊಯ್ಲು ಶುರುವಾಗುವ ಮುಂಚೆ ಇದೊಂದನ್ನು ಮಾಡಿಸಿ.

ಇನ್ನು ಗಾಜನೂರು, ಸಕ್ರೆಬೈಲು, ಶೆಟ್ಟಿಹಳ್ಳಿ ಕಾಡಿನ ಆಸುಪಾಸು. ಒಂದು ಜಿಂಕೆ ದಾಟಿದರೆ ಹಿಂದೆ ಇನ್ನೊಂದಿದೆ ಅಂತ ತಿಳಿಯಿರಿ. ಕಾಡುಕೋಣಕ್ಕೆ ಗುದ್ದಿದರೆ ಕಾರೇ ಪುಡಿ.

ಆಗುಂಬೆ, ಹುಲಿಕಲ್ ಘಾಟಿ ಇಳಿಯೋಕೆ ಭಯ. ಹೊಸಬರಿಗೆ ಏನು ಹೇಳ್ತೀರಾ?

ಏರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ಇದು ಮರ್ಯಾದೆಯ ಮಾತಷ್ಟೇ ಅಲ್ಲ, ನಿಯಮ. ಏರುವ ಲಾರಿ ನಿಂತರೆ ಮತ್ತೆ ಎಳೆಯುವುದು ಕಷ್ಟ. ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದರೆ ಪೆಡಲ್ ಸುಮ್ನೆ ಒಳಗೆ ಹೋಗುತ್ತದೆ. ಸುಟ್ಟ ವಾಸನೆ ಬಂತಾ? ಅಗಲ ಇರುವ ಕಡೆ ನಿಲ್ಲಿಸಿ, ಆರಲಿ. ತಿರುವಿಗೆ ಮುಂಚೆ ಹಾರ್ನ್, ತಿರುವಿನಲ್ಲಿ ಓವರ್‌ಟೇಕ್ ಇಲ್ಲ. ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಹಾಕುವುದುಂಟು, ಹೊರಡುವ ಮುಂಚೆ ಜಿಲ್ಲಾಡಳಿತದ ಆದೇಶ ಕೇಳಿಕೊಳ್ಳಿ.

ಆದರೆ ನನಗೆ ಘಾಟಿಗಿಂತ ಘಾಟಿ ಮುಗಿದ ಮೇಲಿನ ನೇರ ರಸ್ತೆ ಭಯ. 2022ರಲ್ಲಿ ದೇಶದ ಅಪಘಾತಗಳಲ್ಲಿ ಮೂರರಲ್ಲಿ ಎರಡು ಪಾಲು ನಡೆದದ್ದು ನೇರ ರಸ್ತೆಗಳಲ್ಲಿ. ತಿರುವಿನಲ್ಲಿ ಉಸಿರು ಬಿಗಿಹಿಡಿದವನು ನೇರ ರಸ್ತೆ ಕಂಡ ಕೂಡಲೇ ಒತ್ತುತ್ತಾನೆ.

ಎಲ್ಲಾ ಹೊರಗಿನಿಂದ ಬರೋ ಟೂರಿಸ್ಟ್‌ಗಳಿಂದ, ಅಲ್ವಾ?

ಒಂದಿಷ್ಟು ಹೌದು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಕೆಲಸ ಇಲ್ಲ, ಗಾಡಿಗಳು ನೇರ ಹೋಗುತ್ತವೆ. ಆದರೆ ನಮ್ಮ ಕ್ರಾಸಿನ ಹಾಳೆಯಲ್ಲಿ ಬಿದ್ದ ಗೀಟೆಲ್ಲ ಸ್ಥಳೀಯರದ್ದೇ.

ಮಗನಿಗೆ 16 ತುಂಬಿದೆ. ಟ್ಯೂಷನ್‌ಗೆ ಸ್ಕೂಟಿ ಕೊಡಬಹುದಾ?

ಬೇಡ. 16 ತುಂಬಿದವರಿಗೆ ಲೈಸೆನ್ಸ್ ಸಿಗುವುದು 50 ಸಿಸಿ ಮೀರದ ಗಾಡಿಗೆ ಮಾತ್ರ. ನಿಮ್ಮ ಮನೆಯ ಸ್ಕೂಟರ್ 110 ಸಿಸಿ ಇರುತ್ತದೆ. 2019ರ ತಿದ್ದುಪಡಿಯ ಪ್ರಕಾರ ಸಿಕ್ಕಿಬಿದ್ದರೆ ಗಾಡಿ ಕೊಟ್ಟ ಅಪ್ಪ ಅಥವಾ ಅಮ್ಮನಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲೂ ಆಗಬಹುದು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ಇದೇನು ಪುಸ್ತಕದ ಬದನೆಕಾಯಿ ಅಲ್ಲ, ನಮ್ಮ ಜಿಲ್ಲೆಯ ನ್ಯಾಯಾಲಯಗಳು 25,000 ಕಟ್ಟಿಸಿವೆ.

ನನಗೆ ಗೊತ್ತು, ನೀವು ಕೊಡುವುದು ಶೋಕಿಗಲ್ಲ. ಟ್ಯೂಷನ್ ಬಿಡುವ ಹೊತ್ತಿಗೆ ಸಿಟಿ ಬಸ್ ಇರುವುದಿಲ್ಲ, ಆಟೋಗೆ ದಿನಾ ದುಡ್ಡು ಹೊಂದಿಸುವುದು ಕಷ್ಟ. ನಮ್ಮ ಬಡಾವಣೆಯಲ್ಲಿ ನಾಲ್ಕು ಮನೆಯವರು ಸೇರಿ ಒಂದು ಆಟೋ ಗೊತ್ತು ಮಾಡಿದ್ದಾರೆ. ಬೇಕಿದ್ದರೆ ಗಂಟೆಗೆ 25 ಕಿಲೋಮೀಟರ್, 250 ವಾಟ್ ಮೀರದ, ನೋಂದಣಿ ಬೇಡದ ಎಲೆಕ್ಟ್ರಿಕ್ ಗಾಡಿ ಇದೆ. ಆದರೆ ಅದರಲ್ಲಿ ಹೆದ್ದಾರಿ ದಾಟಿಸಬೇಡಿ.

ಆಕ್ಸಿಡೆಂಟ್ ಕಂಡ್ರೆ ನಿಲ್ಲಿಸೋಕೆ ಭಯ. ಪೊಲೀಸ್, ಕೋರ್ಟ್ ಅಂತ ಅಲೆದಾಡಿಸಲ್ವಾ?

ಅಲೆದಾಡಿಸುವಂತಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಆದೇಶ ಕೊಟ್ಟಿತು. ನಮ್ಮ ರಾಜ್ಯದ್ದೇ ಒಂದು ಕಾಯ್ದೆ ಇದೆ. ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿದೆ. ನೆರವಿಗೆ ಬಂದವರು ಹೆಸರು, ಫೋನ್ ನಂಬರ್ ಕೊಡಲೇಬೇಕು ಅಂತಿಲ್ಲ. ಸಾಕ್ಷಿ ಆಗಿ ಅಂತ ಒತ್ತಾಯಿಸುವಂತಿಲ್ಲ. ಆಸ್ಪತ್ರೆಯವರು ನಿಮ್ಮಿಂದ ಮುಂಗಡ ಕೇಳುವಂತಿಲ್ಲ. ತೀವ್ರ ಗಾಯ ಆದವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆ ಸೇರಿಸಿ ಜೀವ ಉಳಿಸಿದವರಿಗೆ ಕೇಂದ್ರ ಸರ್ಕಾರ 25,000 ರೂಪಾಯಿ ಬಹುಮಾನವನ್ನೂ ಇಟ್ಟಿದೆ.

ಮೊದಲು ನಿಮ್ಮ ಗಾಡಿಯನ್ನು ಬದಿಗೆ ಹಾಕಿ, ಇಂಡಿಕೇಟರ್ ನಾಲ್ಕೂ ಹಚ್ಚಿ. ಹಿಂದೆ ಬರುವ ಗಾಡಿಗೆ ಒಬ್ಬರು ಮೊಬೈಲ್ ಟಾರ್ಚ್ ಬೀಸಲಿ. ಗುಂಪು ಕಟ್ಟಿ ನಿಂತವರ ಮೇಲೆ ಎರಡನೇ ಗಾಡಿ ನುಗ್ಗಿದ್ದೂ ಇದೆ. 108 ಅಥವಾ 112ಕ್ಕೆ ಫೋನ್ ಮಾಡಿ, ಹೆದ್ದಾರಿಯಾದರೆ 1033 ಕೂಡ ಇದೆ. ‘ಇಲ್ಲೇ ಕ್ರಾಸ್ ಹತ್ರ’ ಅಂದರೆ ಆಂಬುಲೆನ್ಸಿಗೆ ಗೊತ್ತಾಗುವುದಿಲ್ಲ, ಹತ್ತಿರದ ಕಿಲೋಮೀಟರ್ ಕಲ್ಲು ಓದಿ ಹೇಳಿ. ರಕ್ತ ಸುರಿಯುತ್ತಿದ್ದರೆ ಒಗೆದ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ, ನಡುನಡುವೆ ತೆಗೆದು ನೋಡಬೇಡಿ. ನೀರು ಕುಡಿಸಬೇಡಿ. ಇದು ನಮ್ಮ ಜನಕ್ಕೆ ಒಪ್ಪಿಸಲು ಕಷ್ಟ, ಬಿದ್ದವರ ಬಾಯಿಗೆ ನೀರು ಬಿಡುವುದು ನಮಗೆ ಪುಣ್ಯದ ಕೆಲಸ. ಆದರೆ ಪ್ರಜ್ಞೆ ತಪ್ಪುವವರಿಗೆ ಆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಕೈಕಾಲು ಹಿಡಿದು ಮಡಚಿ ಆಟೋಗೆ ತುರುಕಬೇಡಿ, ಕುತ್ತಿಗೆ ಅಲುಗಾಡದಿರಲಿ.

ಆಸ್ಪತ್ರೆ ಖರ್ಚು, ಪರಿಹಾರ ಹೇಗೆ?

ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆ 2025ರ ಮೇನಿಂದ ಇದೆ. ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ, ಅಪಘಾತ ಆದ ದಿನದಿಂದ ಏಳು ದಿನದ ತನಕ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ. ಗುದ್ದಿದ ಗಾಡಿ ಪತ್ತೆಯೇ ಆಗದಿದ್ದರೆ ಬೇರೆ ಯೋಜನೆ: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಅದಕ್ಕೆ ವಕೀಲರ ಬಳಿ ಓಡುವ ಮೊದಲು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಗಾಡಿ ಗೊತ್ತಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಅರ್ಜಿ ಆರು ತಿಂಗಳೊಳಗೆ ಹಾಕಬೇಕು ಅಂತ ಕಾಯ್ದೆ ಹೇಳುತ್ತದೆ, ತಡ ಮಾಡಬೇಡಿ. ಗಾಡಿ ಮಾಲೀಕರಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯೂ ಇರುತ್ತದೆ. ಎಷ್ಟೋ ಮನೆಯವರಿಗೆ ಇದು ಗೊತ್ತೇ ಇರುವುದಿಲ್ಲ, ಪಾಲಿಸಿ ಕಾಗದ ತೆಗೆದು ಓದಿ.

ರಸ್ತೆ ಬದಿಯಲ್ಲೇ ‘ಕಾಂಪ್ರಮೈಸ್’ ಮಾಡಿಕೊಳ್ಳುವ ಮುಂಚೆ ಸ್ವಲ್ಪ ತಡೆಯಿರಿ. ನಮ್ಮ ಪರಿಚಯದವರೊಬ್ಬರು ಮೊಣಕಾಲು ತರಚಿದೆ ಅಷ್ಟೇ ಅಂತ ಎರಡು ಸಾವಿರ ಇಸ್ಕೊಂಡು ಬಿಟ್ಟರು. ವಾರದ ಮೇಲೆ ಎಂಆರ್‌ಐ ಮಾಡಿಸಿದರೆ ಲಿಗಮೆಂಟ್ ಹರಿದಿತ್ತು. ಗಾಡಿ ನಂಬರ್ ಬರೆದುಕೊಂಡಿರಲಿಲ್ಲ.

ಗುಂಡಿ, ಕೆಟ್ಟ ಲೈಟ್, ಕಾಣದ ಹಂಪ್: ಯಾರಿಗೆ ಹೇಳಬೇಕು?

ರಸ್ತೆ ಯಾರದ್ದು ಅಂತ ಮೊದಲು ತಿಳಿಯಿರಿ. ಬಡಾವಣೆ ಒಳಗಿನದು ಪಾಲಿಕೆ ಅಥವಾ ಪಂಚಾಯಿತಿ. ಹೆದ್ದಾರಿ ಆದರೆ ಹೆದ್ದಾರಿ ವಿಭಾಗ. ನಾವು ಒಂದು ಕಚೇರಿಗೆ ಮೂರು ಅರ್ಜಿ ಕೊಟ್ಟ ಮೇಲೆ ‘ಇದು ನಮ್ಮದಲ್ಲ’ ಅಂದರು. ಎರಡನೆಯವರೂ ಅದನ್ನೇ ಅಂದರು. ಆಗ ಎರಡು ಕಚೇರಿಯ ಉತ್ತರವನ್ನೂ ಲಗತ್ತಿಸಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಬರೆದೆವು. ಎಲ್ಲ ಇಲಾಖೆಯವರೂ ಒಂದೇ ಮೇಜಿನ ಸುತ್ತ ಕೂರುವುದು ಅಲ್ಲಿ. ಲೈಟ್ ಬಂತು.

ಅರ್ಜಿಯಲ್ಲಿ ‘ತುಂಬಾ ಅಪಾಯ, ಕ್ರಮ ಕೈಗೊಳ್ಳಿ’ ಅಂತ ಬರೆದರೆ ಕಡತಕ್ಕೆ ಹೋಗುತ್ತದೆ. ಯಾವ ತಾರೀಕು, ಎಷ್ಟು ಗಂಟೆ, ಯಾವ ಗಾಡಿ ಯಾವ ಕಡೆಯಿಂದ ಬಂತು ಅಂತ ಬರೆಯಿರಿ. ಎರಡು ಫೋಟೊ ಹಾಕಿ: ಒಂದು ಹಗಲಿನದು, ಒಂದು ಅದೇ ಜಾಗದಿಂದ ರಾತ್ರಿ ತೆಗೆದದ್ದು. ನಮ್ಮ ಕೆಲಸ ಮಾಡಿಸಿದ್ದು ಆ ಎರಡನೇ ಫೋಟೊ. ಅದರಲ್ಲಿ ಏನೂ ಕಾಣುತ್ತಿರಲಿಲ್ಲ.

ಬಸ್ಸಿಂದ ಇಳಿದು ರಸ್ತೆ ದಾಟೋ ನಮ್ಮಮ್ಮನಿಗೆ ಏನು ಹೇಳಲಿ?

ಇಳಿದ ಬಸ್ಸಿನ ಮುಂದೆ ದಾಟಬೇಡಿ ಅಂತ ಹೇಳಿ. ಬಸ್ ಹೋಗಲಿ, ಎರಡೂ ಕಡೆ ಕಾಣಲಿ, ಆಮೇಲೆ. ಸಂಜೆ 6ರಿಂದ 9 ದಿನದಲ್ಲೇ ಹೆಚ್ಚು ಅಪಘಾತ ಆಗುವ ಹೊತ್ತು. ಆಗ ತಿಳಿ ಬಣ್ಣದ ಸೀರೆಯೋ ಕೈಯಲ್ಲೊಂದು ಬಿಳಿ ಚೀಲವೋ ಇರಲಿ. ಸಣ್ಣ ಟಾರ್ಚ್ ಇದ್ದರೆ ಇನ್ನೂ ಒಳ್ಳೆಯದು. ಪಾದಚಾರಿ ದಾರಿ ಇಲ್ಲದ ಕಡೆ ಬಲಬದಿಯಲ್ಲಿ, ಎದುರಿನ ಗಾಡಿ ಕಾಣುವ ಹಾಗೆ ನಡೆಯಲಿ.

ನಮ್ಮಮ್ಮ ಇದೆಲ್ಲ ಕೇಳಿ, ‘ನಲವತ್ತು ವರ್ಷದಿಂದ ಇದೇ ರಸ್ತೆ ದಾಟ್ತಿದೀನಿ ಕಣೋ, ನಂಗೇನ್ ಹೇಳ್ತೀಯ’ ಅಂದರು. ಹೌದು, ಆಗ ಗಂಟೆಗೊಂದು ಬಸ್ ಇತ್ತು. ಈಗ ನಾನು ಸಂಜೆ ಏಳಕ್ಕೆ ಸ್ಟಾಪಿನ ಹತ್ತಿರ ಹೋಗಿ ನಿಲ್ಲುತ್ತೇನೆ. ಅವರ ಚೀಲ ಇಸ್ಕೊಳ್ಳೋಕೆ ಬಂದೆ ಅಂತ ನೆಪ ಹೇಳುತ್ತೇನೆ.